ಕಲ್ಲಿನಲ್ಲಿ ಕೂಡಿಟ್ಟ ಬೆಂಕಿ

ನೀರು ಕಾಯಿಸಿದ ಬಚ್ಚಲೊಲೆಯ ಬೆಂಕಿ ಆರಿ ಎಷ್ಟೋ ಹೊತ್ತಾದರೂ ಅದರ ಕಟ್ಟೆ ಬೆಚ್ಚಗಿರುತ್ತದೆ. ಮನೆಯ ಬೆಕ್ಕಿಗೆ ಇದು ಚೆನ್ನಾಗಿ ಗೊತ್ತು. ಹೀಗೆ ಉಳಿದ ಶಾಖವನ್ನೇ ನಂಬಿ ಯುರೋಪಿನ ಶೀತಪ್ರದೇಶದ ಜನ ಶತಮಾನಗಳ ಕಾಲ ಚಳಿಗಾಲ ಕಳೆದರು. ರಷ್ಯಾದ ರೈತರು ನೆರೆಹೊರೆಯವರನ್ನು ಕೂಡಿಸಿಕೊಂಡು, ಜೇಡಿಮಣ್ಣು ಬಡಿದು ಮನೆಯೊಳಗೇ ದೊಡ್ಡ ಒಲೆ ಕಟ್ಟುತ್ತಿದ್ದರು. ರಾತ್ರಿ ಅದರ ಮೇಲೆಯೇ ಮಲಗುವುದೂ ಉಂಟು.

ಇದನ್ನು ಲೆಕ್ಕಾಚಾರದ ವಿಷಯವಾಗಿಸಿದ್ದು ಸ್ವೀಡನ್ನಿನ ಸೌದೆಯ ಅಭಾವ. 18ನೆಯ ಶತಮಾನದಲ್ಲಿ ಅಲ್ಲಿಯ ಕಬ್ಬಿಣದ ಕುಲುಮೆಗಳು ಇದ್ದಿಲಿಗಾಗಿ ಕಾಡನ್ನು ನುಂಗುತ್ತಿದ್ದವು. ಮನೆಯ ಬೆಂಕಿಗೂಡಿನ ಶಾಖವೋ, ಬಹುಪಾಲು ಹೊಗೆಯೊಡನೆ ಆಕಾಶ ಸೇರುತ್ತಿತ್ತು. 1767ರಲ್ಲಿ ವಾಸ್ತುಶಿಲ್ಪಿ ಕಾರ್ಲ್ ಯೋಹಾನ್ ಕ್ರೋನ್‌ಸ್ಟೆಟ್ ಮತ್ತು ಸೇನಾಧಿಕಾರಿ ಫಾಬಿಯನ್ ವ್ರೇಡೆ ಅವರಿಗೆ, ಸೌದೆ ಉಳಿಸುವ ಒಲೆಯನ್ನು ರೂಪಿಸುವ ಕೆಲಸ ವಹಿಸಲಾಯಿತು.

ಅವರು ಹೊಸ ಪದಾರ್ಥವನ್ನೇನೂ ಕಂಡುಹಿಡಿಯಲಿಲ್ಲ. ಹೊಗೆಯ ದಾರಿಯನ್ನು ಉದ್ದ ಮಾಡಿದರು, ಅಷ್ಟೆ. ಇಟ್ಟಿಗೆಯ ಒಡಲೊಳಗೆ 5 ನಾಳಗಳು. ಬಿಸಿ ಹೊಗೆ ಒಂದರಲ್ಲಿ ಮೇಲೇರಿ, ಎರಡರಲ್ಲಿ ಕೆಳಗಿಳಿದು, ಉಳಿದೆರಡರಲ್ಲಿ ಮತ್ತೆ ಏರಿ ಚಿಮಣಿ ಸೇರಬೇಕು. ಇಷ್ಟು ಸುತ್ತುವಷ್ಟರಲ್ಲಿ ಅದು ತನ್ನ ಶಾಖದ ಬಹುಭಾಗವನ್ನು ಇಟ್ಟಿಗೆಗೆ ಒಪ್ಪಿಸಿರುತ್ತದೆ. ಕ್ರೋನ್‌ಸ್ಟೆಟ್ 1775ರಲ್ಲಿ ಇದರ ವಿವರಗಳನ್ನು ಪುಸ್ತಕವಾಗಿ ಪ್ರಕಟಿಸಿದರು.

ವಿದ್ಯಾರ್ಥಿಗಳೇ, ಒಂದು ಸಣ್ಣ ಲೆಕ್ಕ ಮಾಡಿ ನೋಡಿ. 1 ಕಿಲೋಗ್ರಾಂ ಇಟ್ಟಿಗೆಯ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಲು ಸುಮಾರು 0.84 ಕಿಲೋಜೂಲ್ ಬೇಕು. 1,000 ಕಿಲೋ ತೂಕದ ಒಲೆ 50 ಡಿಗ್ರಿ ಏರಿತೆನ್ನಿ: 42,000 ಕಿಲೋಜೂಲ್. ವಿದ್ಯುತ್ತಿನ ಲೆಕ್ಕದಲ್ಲಿ ಹೆಚ್ಚುಕಡಿಮೆ 12 ಯೂನಿಟ್. 1 ಕಿಲೋವಾಟ್ ಹೀಟರನ್ನು ರಾತ್ರಿಯಿಡೀ ಉರಿಸಿದಂತೆ. ಚೆನ್ನಾಗಿ ಒಣಗಿದ ಸೌದೆಯಾದರೆ, ಸೋರಿಕೆ ಕಳೆದೂ 4 ಕಿಲೋ ಸಾಕು. ಸೌದೆಯನ್ನು ಧಾರಾಳ ಗಾಳಿ ಕೊಟ್ಟು ಒಮ್ಮೆಗೇ ಧಗಧಗ ಉರಿಸುವುದರಿಂದ ಮಸಿಯೂ ಕಡಿಮೆ. ನನ್ನಂಥ ಟೆಲಿವಿಷನ್ ನಿರ್ಮಾಪಕನಿಗೆ ಮಾತ್ರ ಇದು ಕಷ್ಟದ ವಸ್ತು. ಕ್ಯಾಮೆರಾಗೆ ಜ್ವಾಲೆ ಬೇಕು. ಈ ಒಲೆಯ ಕೆಲಸ ಶುರುವಾಗುವುದೇ ಜ್ವಾಲೆ ಆರಿದ ಮೇಲೆ!

ಬೆಂಕಿ ಆರಿದೊಡನೆ ಚಿಮಣಿಗೆ ಮುಚ್ಚಳ ಹಾಕಬೇಕು. ಇಲ್ಲವಾದರೆ ಕೂಡಿಟ್ಟ ಶಾಖವೆಲ್ಲ ಮೇಲೆ ಹಾರಿಹೋಗುತ್ತದೆ. ಅಪಾಯವಿರುವುದೂ ಇಲ್ಲಿಯೇ. ಶಾಖದ ಆಸೆಗೆ, ಕೆಂಡ ಇನ್ನೂ ಜೀವಂತವಿರುವಾಗಲೇ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಕೋಣೆಗೆ ಇಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದ್ದವರು ಮತ್ತೆ ಏಳದೆ ಹೋದ ಮನೆಗಳುಂಟು. ಕೊನೆಯ ಕೆಂಡ ಕಪ್ಪಾಗುವವರೆಗೆ ಮನೆಯವರೊಬ್ಬರು ಎಚ್ಚರವಾಗಿ ಕಾಯಲೇಬೇಕಿತ್ತು.

20ನೆಯ ಶತಮಾನದಲ್ಲಿ ಬಿಸಿನೀರಿನ ಕೊಳವೆಗಳು ಬಂದು ಎಷ್ಟೋ ಒಲೆಗಳು ಮೂಲೆಗುಂಪಾದವು. 1973ರಲ್ಲಿ ತೈಲದ ಬೆಲೆ ಗಗನಕ್ಕೇರಿದಾಗ ಜನರಿಗೆ ಅವು ಮತ್ತೆ ನೆನಪಾದವು. ಫಿನ್ಲೆಂಡಿನಲ್ಲಿ ಇಂಥ ಒಲೆಗೆ ಇಟ್ಟಿಗೆಯ ಬದಲು ಬಳಪದ ಕಲ್ಲನ್ನೂ ಬಳಸುತ್ತಾರೆ. ಇಟ್ಟಿಗೆಗಿಂತ ಭಾರ, ಶಾಖವನ್ನು ಬೇಗ ಹೀರುತ್ತದೆ, ಸುಲಭವಾಗಿ ಬಿರಿಯುವುದಿಲ್ಲ, ಕೊಯ್ಯುವುದಕ್ಕೂ ಮೆದು. ಹೊಯ್ಸಳ ಶಿಲ್ಪಿಗಳು ಬೇಲೂರು, ಹಳೇಬೀಡುಗಳಲ್ಲಿ ಉಳಿಗೆ ಆರಿಸಿಕೊಂಡದ್ದೂ ಇದೇ ಜಾತಿಯ ಮೆದು ಕಲ್ಲನ್ನು.