ನವಿಲುಜೇಡದ ರೆಕ್ಕೆ: ಛಾಯಾಚಿತ್ರವೆಂಬ ಆಧಾರದ ವಿವೇಚನೆ

ಇತಿಹಾಸದ ಆಧಾರಗಳೆಂದರೆ ಶಾಸನ, ತಾಮ್ರಪಟ, ಕಡತಗಳೆಂಬ ಭಾವನೆ ರೂಢಿಯಲ್ಲಿದೆ. ಸುಮಾರು 5 ಮಿಲಿಮೀಟರು ಉದ್ದದ ಜೇಡವೊಂದರ ಚರಿತ್ರೆಯಲ್ಲಿಯೂ ಆಧಾರಪರೀಕ್ಷೆಯ ಪ್ರಶ್ನೆಗಳೇ ಏಳುತ್ತವೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಬಲೆಯಲ್ಲಿ ಕಾದು ಕೂಡದೆ, ಬೇಟೆಯನ್ನು ಕಣ್ಣಿನಿಂದ ಗುರುತಿಸಿ ಅದರ ಮೇಲೆ ನೆಗೆಯುವ ಜೇಡಗಳು ಬಹುಕಾಲದಿಂದ ವಿದ್ವಾಂಸರ ಗಮನವನ್ನು ಸೆಳೆದಿವೆ. 1665ರಲ್ಲಿ ಪ್ರಕಟವಾದ ‘ಮೈಕ್ರೋಗ್ರಾಫಿಯ’ದಲ್ಲಿ ರಾಬರ್ಟ್ ಹುಕ್ ಬೇಟೆಯ ಜೇಡವನ್ನು ಕುರಿತ ಪ್ರಕರಣದಲ್ಲಿ ಜಾನ್ ಈವ್ಲಿನ್ ಇಟಲಿಯಲ್ಲಿ ಕಂಡುದನ್ನು ಸೇರಿಸಿದನು. 1757ರಲ್ಲಿ ಕಾರ್ಲ್ ಕ್ಲರ್ಕ್ ಸ್ವೀಡನ್ನಿನ ಜೇಡಗಳನ್ನು ಬಣ್ಣದ ಚಿತ್ರಗಳೊಡನೆ ವರ್ಣಿಸಿದನು. ಇವೆಲ್ಲ ಕಣ್ಣು ಕಂಡುದನ್ನು ಕೈ ಬರೆದ ದಾಖಲೆಗಳು.

1874ರಲ್ಲಿ ಇಂಗ್ಲೆಂಡಿನ ಪಾದ್ರಿ ಆಕ್ಟೇವಿಯಸ್ ಪಿಕರ್ಡ್-ಕೇಂಬ್ರಿಜ್, ಆಸ್ಟ್ರೇಲಿಯಾದಿಂದ ಬಂದ ಮಾದರಿಗಳನ್ನು ನೋಡಿ ಒಂದು ಹೊಸ ಜಾತಿಯನ್ನು ವರ್ಣಿಸಿದನು. ಗಂಡುಜೇಡದ ಹೊಟ್ಟೆಯ ಇಕ್ಕೆಲದಲ್ಲಿ ಮಡಿಸಿದ ಬಣ್ಣದ ಅಂಚುಗಳಿದ್ದುವು. ಇವು ನೆಗೆಯುವಾಗ ರೆಕ್ಕೆಗಳಂತೆ ನೆರವಾಗುವುವೆಂಬ ವಾರ್ತೆಯೂ ಅವನಿಗೆ ತಲಪಿತ್ತು. ‘ಹಾರುವ’ ಎಂಬರ್ಥದ ‘ವೋಲನ್ಸ್’ ಎಂಬ ಹೆಸರು ಹೀಗೆ ಬಂದಿತು. ಅಂಗರಚನೆಗೆ ಮಾದರಿ ಸಾಕ್ಷಿಯಾಗಿತ್ತು. ಹಾರಾಟಕ್ಕೆ ಇದ್ದುದು ಪರೋಕ್ತಿ ಮಾತ್ರ. ಆದರೂ ಈ ನಂಬಿಕೆ ದೀರ್ಘಕಾಲ ಬಾಳಿತು.

21ನೆಯ ಶತಮಾನದಲ್ಲಿ, ನುಸಿಗಳ ಅಭ್ಯಾಸದಲ್ಲಿ ಪರಿಣತರಾದ ಯೂರ್ಗೆನ್ ಓಟ್ಟೊ ಸಿಡ್ನಿಯ ಸುತ್ತಮುತ್ತ ಈ ಜೀವಂತ ಜೇಡಗಳನ್ನು ಸಮೀಪದ ಮಸೂರದಿಂದ ಚಿತ್ರಿಸತೊಡಗಿದರು. 2011ರಲ್ಲಿ ಅವರೂ ಡೇವಿಡ್ ಹಿಲ್ ಅವರೂ ಈ ಕುಲದ ಸಚಿತ್ರ ಸಮೀಕ್ಷೆಯನ್ನು ‘ಪೆಕ್‌ಹೇಮಿಯ’ದಲ್ಲಿ ಪ್ರಕಟಿಸಿದರು. ಗಂಡು ಹೆಣ್ಣಿನ ಮುಂದೆ ಹೊಟ್ಟೆಯನ್ನೆತ್ತಿ, ಅಂಚುಗಳನ್ನು ನವಿಲಿನಂತೆ ಬಿಚ್ಚಿ, ಮೂರನೆಯ ಜೊತೆ ಕಾಲುಗಳನ್ನು ಆಡಿಸುವುದನ್ನು ಚಿತ್ರಗಳು ಸ್ಪಷ್ಟಪಡಿಸಿದುವು. ಅಂಚುಗಳು ಪ್ರಣಯಕ್ಕಾಗಿ, ಹಾರಾಟಕ್ಕಲ್ಲ.

ಹಾಗೆಂದು ಛಾಯಾಚಿತ್ರವು ವಿಮರ್ಶೆಗೆ ಅತೀತವಾದುದಲ್ಲ. ಇಷ್ಟು ಸಮೀಪದಲ್ಲಿ ಕೂದಲೆಳೆಯಷ್ಟು ತೆಳುವಾದ ಪದರವೊಂದೇ ಸ್ಫುಟವಾಗಿ ಮೂಡುತ್ತದೆ. ಕಣ್ಣು ಮೂಡಿದರೆ ಕಾಲು ಮಸುಕು. ಆದುದರಿಂದ ಬೇರೆಬೇರೆ ಪದರಗಳಲ್ಲಿ ತೆಗೆದ ಹಲವು ಚಿತ್ರಗಳನ್ನು ಗಣಕಯಂತ್ರದಲ್ಲಿ ಬೆಸೆಯುವ ಪದ್ಧತಿಯುಂಟು. ಹೀಗೆ ಸಿದ್ಧವಾದುದು ಒಂದು ಕ್ಷಣದ ದಾಖಲೆಯಲ್ಲ. ಹಲವು ಓಲೆಪ್ರತಿಗಳಿಂದ ಸಂಪಾದಿಸಿದ ಪಾಠದಂತಹುದು. ರಚನೆಯನ್ನು ತಿಳಿಯಲು ಅದು ಶ್ರೇಷ್ಠ. ನಡವಳಿಕೆಯನ್ನು ತಿಳಿಯಲು ಚಲನಚಿತ್ರವೇ ಬೇಕು.

ತಪ್ಪು ಬಯಲಾದರೂ ಹೆಸರು ಅಳಿಯಲಿಲ್ಲ. ಅರ್ಥ ಹೊಂದದೆಂಬ ಕಾರಣಕ್ಕೆ ಮೊದಲಿಟ್ಟ ಹೆಸರನ್ನು ತೆಗೆಯಲು ಪ್ರಾಣಿನಾಮಕರಣದ ನಿಯಮ ಒಪ್ಪುವುದಿಲ್ಲ. ಹಾರದ ಜೇಡ ಇಂದಿಗೂ ‘ಹಾರುವ’ ಜೇಡವೇ. ಊರ ಹೆಸರಿನಿಂದ ಊರ ಚರಿತ್ರೆಯನ್ನು ಕಟ್ಟಹೊರಡುವ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡತಕ್ಕದ್ದು: ಹೆಸರು ಹಿಂದಿನವರ ನಂಬಿಕೆಗೆ ಸಾಕ್ಷಿ, ನಡೆದ ಸಂಗತಿಗಲ್ಲ.