ಶಟ್‌ಡೌನ್ ಒತ್ತಿದರೂ ಲಿನಕ್ಸ್ ಕಂಪ್ಯೂಟರ್ ಆಫ್ ಆಗುತ್ತಿಲ್ಲವೇ? ಹೀಗೆ ಪತ್ತೆ ಹಚ್ಚಿ

ಸಂಜೆ ಕೆಲಸ ಮುಗಿಸಿ ಶಟ್‌ಡೌನ್ ಒತ್ತಿದಿರಿ. ಪರದೆ ಕಪ್ಪಾಯಿತು. ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ಹಾಕಿಕೊಂಡು ಹೊರಟಿರಿ. ಮನೆಗೆ ಬಂದು ತೆಗೆದರೆ ಲ್ಯಾಪ್‌ಟಾಪ್ ಕಾದ ಹಂಚಿನಂತೆ ಬಿಸಿ, ಬ್ಯಾಟರಿ ಪೂರ್ತಿ ಖಾಲಿ. ಅಂದರೆ ಅದು ಆಫ್ ಆಗಿಯೇ ಇರಲಿಲ್ಲ!

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ ಉಬುಂಟು, ಲಿನಕ್ಸ್ ಮಿಂಟ್‌ನಂಥವನ್ನು ಹಾಕಿಕೊಂಡವರಿಗೆ ಎದುರಾಗುವ ತೊಂದರೆಗಳಲ್ಲಿ ಇದೂ ಒಂದು. ಇದಕ್ಕಾಗಿ ಲಿನಕ್ಸ್ ತೆಗೆದು ಬಿಸಾಡಬೇಕಿಲ್ಲ. ಕಂಪ್ಯೂಟರ್ ಎಲ್ಲಿ ಸಿಕ್ಕಿಕೊಂಡಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಒಂದು ಮಾತು. ಇಲ್ಲಿ ಕಮಾಂಡುಗಳನ್ನು ಕನ್ನಡದಲ್ಲಿ ಉಚ್ಚಾರದಂತೆ ಬರೆದಿದ್ದೇವೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ.

ಮೊದಲು ಪರದೆ ನೋಡಿ

ಶಟ್‌ಡೌನ್ ಎಂದರೆ ಎರಡು ಬೇರೆ ಬೇರೆ ಕೆಲಸ. ಮೊದಲನೆಯದು, ಓಡುತ್ತಿರುವ ಪ್ರೋಗ್ರಾಂಗಳನ್ನೆಲ್ಲ ನಿಲ್ಲಿಸಿ, ಡಿಸ್ಕಿಗೆ ಬರೆಯುವುದನ್ನು ಬರೆದು ಮುಗಿಸುವುದು. ಇದನ್ನು ಇಂದಿನ ಬಹುತೇಕ ಲಿನಕ್ಸ್‌ಗಳಲ್ಲಿ ಸಿಸ್ಟಮ್‌ಡಿ ಎಂಬ ತಂತ್ರಾಂಶ ನೋಡಿಕೊಳ್ಳುತ್ತದೆ. ಎರಡನೆಯದು, ಕರ್ನಲ್ ಮದರ್‌ಬೋರ್ಡಿಗೆ "ಇನ್ನು ಕರೆಂಟ್ ನಿಲ್ಲಿಸು" ಎಂದು ಹೇಳುವುದು. ತೊಂದರೆ ಯಾವ ಹಂತದ್ದು ಎನ್ನುವುದೇ ಮುಖ್ಯ.

ಶಟ್‌ಡೌನ್ ಆಗುವಾಗ ಲೋಗೋ ಕಾಣುತ್ತಿದ್ದರೆ ಎಸ್ಕೇಪ್ ಕೀ ಒತ್ತಿ. ಲೋಗೋ ಹೋಗಿ ಅಕ್ಷರಗಳ ಸಾಲುಗಳು ಬರುತ್ತವೆ. ಕೊನೆಯ ಸಾಲನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಹೆಚ್ಚಿನ ಸಲ ಉತ್ತರ ಆ ಒಂದು ಸಾಲಿನಲ್ಲೇ ಇರುತ್ತದೆ.

"ಎ ಸ್ಟಾಪ್ ಜಾಬ್ ಈಸ್ ರನ್ನಿಂಗ್" ಎಂದು ಬಂದು ಪಕ್ಕದಲ್ಲಿ ಸೆಕೆಂಡುಗಳು ಓಡುತ್ತಿದ್ದರೆ ಹೆದರಬೇಡಿ. ಯಾವುದೋ ಒಂದು ಪ್ರೋಗ್ರಾಂ ನಿಲ್ಲಲು ಒಪ್ಪುತ್ತಿಲ್ಲ, ಸಿಸ್ಟಮ್‌ಡಿ ಅದಕ್ಕಾಗಿ ಕಾಯುತ್ತಿದೆ, ಅಷ್ಟೇ. ಸಾಮಾನ್ಯವಾಗಿ 90 ಸೆಕೆಂಡು ಕಾದು, ಆಮೇಲೆ ಬಲವಂತವಾಗಿ ನಿಲ್ಲಿಸುತ್ತದೆ. ಫೆಡೋರಾದವರು 38ನೇ ಆವೃತ್ತಿಯಿಂದ ಇದನ್ನು 45 ಸೆಕೆಂಡಿಗೆ ಇಳಿಸಿದ್ದಾರೆ. ಎರಡು ನಿಮಿಷವೂ ಕಾಯದೆ "ಹ್ಯಾಂಗ್ ಆಗಿದೆ" ಎಂದು ಪವರ್ ಬಟನ್ ಒತ್ತುವವರೇ ಜಾಸ್ತಿ.

ಯಾವ ಪ್ರೋಗ್ರಾಂ ಎಂದು ಮರುದಿನವೂ ತಿಳಿಯಬಹುದು. ಕಂಪ್ಯೂಟರ್ ಆನ್ ಮಾಡಿ, ಟರ್ಮಿನಲ್‌ನಲ್ಲಿ "ಜರ್ನಲ್‌ಸಿಟಿಎಲ್", ಒಂದು ಸ್ಪೇಸ್, "-ಬಿ", ಮತ್ತೊಂದು ಸ್ಪೇಸ್, "-1" ಎಂದು ಕೊಡಿ. ಹಿಂದಿನ ಸಲದ ದಾಖಲೆ ಪೂರ್ತಿ ಬರುತ್ತದೆ. ಎಂಡ್ ಕೀ ಒತ್ತಿ ಕೊನೆಗೆ ಹೋಗಿ, "ಟೈಮ್ಡ್ ಔಟ್" ಎಂಬ ಪದ ಹುಡುಕಿ. ಪಕ್ಕದಲ್ಲಿರುವ ಹೆಸರೇ ತಂಟೆಕೋರ.

ಇಲ್ಲಿ ಎರಡು ಸಂದರ್ಭಗಳನ್ನು ವಿಶೇಷವಾಗಿ ಗಮನಿಸಿ. ಒಂದು, ಆಫೀಸಿನ ಅಥವಾ ಮನೆಯ ನೆಟ್‌ವರ್ಕಿನಲ್ಲಿರುವ ಫೋಲ್ಡರ್ ಜೋಡಿಸಿಕೊಂಡಿದ್ದರೆ, ಅದನ್ನು ಬಿಡಿಸುವ ಮೊದಲೇ ವೈಫೈ ಕಡಿದು ಕಂಪ್ಯೂಟರ್ ಕಾಯುತ್ತಾ ಕೂರುತ್ತದೆ. ಶಟ್‌ಡೌನ್‌ಗೆ ಮುಂಚೆ ನೀವೇ ಆ ಫೋಲ್ಡರನ್ನು ಅನ್‌ಮೌಂಟ್ ಮಾಡಿ ನೋಡಿ. ಇನ್ನೊಂದು, ಪೆನ್‌ಡ್ರೈವ್. ಮದುವೆ ವಿಡಿಯೋ, ಫೋಟೋಗಳನ್ನು ಕಾಪಿ ಮಾಡಿದಾಗ ಪರದೆಯಲ್ಲಿ "ಮುಗಿಯಿತು" ಎಂದು ಬಂದರೂ ನಿಜವಾದ ಬರವಣಿಗೆ ಹಿಂದೆ ನಡೆಯುತ್ತಲೇ ಇರಬಹುದು, ಲಿನಕ್ಸ್ ಮೊದಲು ಮೆಮೊರಿಯಲ್ಲಿ ಇಟ್ಟುಕೊಂಡು ಆಮೇಲೆ ನಿಧಾನವಾಗಿ ಬರೆಯುತ್ತದೆ. ಆಗ ಶಟ್‌ಡೌನ್ ತಡವಾಗುವುದು ದೋಷವಲ್ಲ. ಪೆನ್‌ಡ್ರೈವಿನ ದೀಪ ಮಿನುಗುತ್ತಿದ್ದರೆ ದಯವಿಟ್ಟು ಕಾಯಿರಿ. ಈಗ ಪವರ್ ತೆಗೆದರೆ ಹೋಗುವುದು ನಿಮ್ಮದೇ ಫೋಟೋಗಳು.

ಕಾಯುವ ಸಮಯವನ್ನು ಕಡಿಮೆ ಮಾಡಲು ಸಿಸ್ಟಮ್‌ಡಿಯ ಸೆಟ್ಟಿಂಗ್ ಫೈಲಿನಲ್ಲಿ "ಡಿಫಾಲ್ಟ್ ಟೈಮ್‌ಔಟ್ ಸ್ಟಾಪ್ ಸೆಕ್" ಎಂಬ ಸಾಲಿದೆ. ಹಲವರು ಅದನ್ನು 5 ಸೆಕೆಂಡಿಗೆ ಇಳಿಸುವ ಸಲಹೆ ಕೊಡುತ್ತಾರೆ. ಡೇಟಾಬೇಸ್ ಓಡಿಸುವ ಅಂಗಡಿ ಲೆಕ್ಕದ ಕಂಪ್ಯೂಟರಿನಲ್ಲಿ ಹಾಗೆ ಮಾಡುವುದು ಅಪಾಯ. ಮನೆಯ ಲ್ಯಾಪ್‌ಟಾಪಿಗೆ 20-30 ಸೆಕೆಂಡು ಸಾಕು. ಆದರೂ ತಂಟೆಕೋರನನ್ನು ಹುಡುಕಿ ಸರಿಪಡಿಸುವುದೇ ಒಳ್ಳೆಯದು.

"ಪವರ್ ಡೌನ್" ಎಂದು ಬಂದು ನಿಂತರೆ

ಕೊನೆಯ ಸಾಲಿನಲ್ಲಿ "ಪವರ್ ಡೌನ್" ಎಂದಿದ್ದು ಫ್ಯಾನ್ ಮಾತ್ರ ತಿರುಗುತ್ತಿದ್ದರೆ, ಮೊದಲ ಹಂತ ಸರಿಯಾಗಿ ಮುಗಿದಿದೆ, ಫೈಲುಗಳು ಕ್ಷೇಮ. ತಕರಾರು ಕರ್ನಲ್ ಮತ್ತು ಮದರ್‌ಬೋರ್ಡಿನ ನಡುವೆ. ಇವೆರಡೂ ಮಾತಾಡುವ ಭಾಷೆಗೆ ಎಸಿಪಿಐ ಎಂದು ಹೆಸರು. ಇಂಟೆಲ್, ಮೈಕ್ರೋಸಾಫ್ಟ್, ತೋಶಿಬಾ ಸೇರಿ 1996ರ ಡಿಸೆಂಬರಿನಲ್ಲಿ ಇದನ್ನು ಹೊರತಂದವು. ಆಫ್ ಆಗಲು ಯಾವ ಸಂಖ್ಯೆಯನ್ನು ಬರೆಯಬೇಕು ಎಂಬ ಕೋಷ್ಟಕ ಬಯಾಸ್‌ನಲ್ಲೇ ಇರುತ್ತದೆ. ಕರ್ನಲ್ ಅದನ್ನು ಓದಿ ಚಿಪ್‌ಸೆಟ್ಟಿಗೆ ಬರೆದಾಗ ಎಸ್‌ಎಂಪಿಎಸ್‌ಗೆ ಸಂಜ್ಞೆ ಹೋಗಿ ವಿದ್ಯುತ್ ನಿಲ್ಲುತ್ತದೆ. ಕೋಷ್ಟಕದಲ್ಲಿ ತಪ್ಪಿದ್ದರೆ, ಅಥವಾ ಯಾವುದಾದರೂ ಡ್ರೈವರ್ ನಡುವೆ ಅಡ್ಡ ನಿಂತರೆ ಕತೆ ಅಲ್ಲಿಗೇ ನಿಲ್ಲುತ್ತದೆ.

ಹಾಗಾಗಿ ಮೊದಲು ಬಯಾಸ್ ಅಪ್‌ಡೇಟ್ ಮಾಡಿ. ಬೆಂಬಲವಿರುವ ಯಂತ್ರಗಳಲ್ಲಿ "ಎಫ್‌ಡಬ್ಲ್ಯುಅಪ್‌ಡ್" ಎಂಬ ಸೌಲಭ್ಯದ ಮೂಲಕ ಲಿನಕ್ಸ್‌ನಿಂದಲೇ ಮಾಡಬಹುದು. ಚಾರ್ಜರ್ ಹಾಕಿಕೊಂಡೇ ಮಾಡಿ.

ಅಪ್‌ಡೇಟ್ ಆದ ಮೇಲೆ ತೊಂದರೆ ಶುರುವಾಗಿದ್ದರೆ, ಆನ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ "ಅಡ್ವಾನ್ಸ್ಡ್ ಆಪ್ಷನ್ಸ್" ಆರಿಸಿ ಹಳೆಯ ಕರ್ನಲ್‌ನಿಂದ ಬೂಟ್ ಮಾಡಿ. ಅದರಲ್ಲಿ ಸರಿಯಾಗಿ ಆಫ್ ಆದರೆ ದೋಷ ಹೊಸ ಕರ್ನಲ್‌ನದು. ಸರಿಪಡಿಸಿದ ಆವೃತ್ತಿ ಬರುವ ತನಕ ಹಳೆಯದನ್ನೇ ಬಳಸಿ. ಎನ್‌ವಿಡಿಯಾ ಗ್ರಾಫಿಕ್ಸ್ ಇರುವವರು ಡ್ರೈವರ್ ಬದಲಿಸಿ ನೋಡಬೇಕು. ನೂವೋ ಎಂಬ ಮುಕ್ತ ಡ್ರೈವರ್ ಕೆಲವು ಲ್ಯಾಪ್‌ಟಾಪುಗಳನ್ನು ಆಫ್ ಆಗುವಾಗ ಹಿಡಿದು ನಿಲ್ಲಿಸುತ್ತದೆ.

ಎಸಿಪಿಐ ತೊಂದರೆ ಎಂದ ಕೂಡಲೇ "ಎಸಿಪಿಐ=ಆಫ್" ಹಾಕಿ ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ಇದಕ್ಕೆ ಕಿವಿಗೊಡಬೇಡಿ. ಆಫ್ ಮಾಡುವ ಭಾಷೆಯನ್ನೇ ಕಿತ್ತುಹಾಕಿದರೆ ಕಂಪ್ಯೂಟರ್ ತಾನಾಗಿ ಆಫ್ ಆಗುವುದಾದರೂ ಹೇಗೆ? ಹಿಂದೆ ಯಾರೋ ಹಾಕಿಟ್ಟಿದ್ದರೆ ತೆಗೆದುಬಿಡಿ, ಅದೇ ಕಾರಣವಿರಬಹುದು. ಇನ್ನು "ಸಿಸ್ಟಮ್ ಹಾಲ್ಟೆಡ್" ಎಂದು ಬಂದು ನಿಂತರೆ ಅದು ದೋಷವೇ ಅಲ್ಲ. "ಹಾಲ್ಟ್" ಕಮಾಂಡ್ ಕಂಪ್ಯೂಟರನ್ನು ನಿಲ್ಲಿಸುತ್ತದೆ, ಕರೆಂಟ್ ತೆಗೆಯುವುದಿಲ್ಲ. ನಿಮಗೆ ಬೇಕಾದದ್ದು "ಪವರ್‌ಆಫ್".

ಅಲ್ಲಿಯವರೆಗೆ ಆಫ್ ಮಾಡುವುದು ಹೇಗೆ?

ಪವರ್ ಬಟನ್‌ಗೆ ಕೈ ಹಾಕುವ ಮೊದಲು ಇದನ್ನು ಪ್ರಯತ್ನಿಸಿ. ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಕೀಗಳನ್ನು ಒತ್ತಿ ಹಿಡಿದು, ಎಸ್, ಯು, ಓ ಅಕ್ಷರಗಳನ್ನು ಒಂದೊಂದಾಗಿ, ನಡುವೆ ಎರಡು-ಮೂರು ಸೆಕೆಂಡು ಬಿಟ್ಟು ಒತ್ತಿ. ಕೆಲವು ಲ್ಯಾಪ್‌ಟಾಪುಗಳಲ್ಲಿ ಎಫ್‌ಎನ್ ಕೀ ಕೂಡ ಬೇಕಾಗುತ್ತದೆ. ಎಸ್ ಎಂದರೆ ಬಾಕಿ ಇರುವುದನ್ನೆಲ್ಲ ಡಿಸ್ಕಿಗೆ ಬರೆ, ಯು ಎಂದರೆ ಡಿಸ್ಕನ್ನು ಓದಲು ಮಾತ್ರ ಬಿಡು, ಓ ಎಂದರೆ ಆಫ್ ಆಗು. ಉಬುಂಟುವಿನಲ್ಲಿ ಈ ಮೂರಕ್ಕೂ ಮೊದಲೇ ಅನುಮತಿ ಇದೆ. ಓ ಕೆಲಸ ಮಾಡದಿದ್ದರೂ ಎಸ್ ಮತ್ತು ಯು ಆಗಿರುವುದರಿಂದ ಪವರ್ ಬಟನ್ ಒತ್ತಿ ಹಿಡಿಯಲು ಅಷ್ಟು ಭಯವಿಲ್ಲ. ಕನಿಷ್ಠ 4 ಸೆಕೆಂಡು ಹಿಡಿಯಬೇಕು, ಕೆಲವು ಲ್ಯಾಪ್‌ಟಾಪುಗಳು ಹತ್ತು ಸೆಕೆಂಡೂ ಕೇಳುತ್ತವೆ.

ಆಫ್ ಆಗಿ ಮತ್ತೆ ಆನ್ ಆದರೆ

ಇದು ಬೇರೆಯದೇ ಕಾಯಿಲೆ. ಕಂಪ್ಯೂಟರ್ ಆಫ್ ಆಗಿದೆ, ಯಾರೋ ಅದನ್ನು ಎಬ್ಬಿಸುತ್ತಿದ್ದಾರೆ. ನೆಟ್‌ವರ್ಕ್ ಕೇಬಲ್ ಮತ್ತು ಯುಎಸ್‌ಬಿಗೆ ಹಾಕಿದ್ದನ್ನೆಲ್ಲ ಕಿತ್ತು ಶಟ್‌ಡೌನ್ ಮಾಡಿ ನೋಡಿ. ಆಗ ಸುಮ್ಮನಿದ್ದರೆ ಬಯಾಸ್‌ಗೆ ಹೋಗಿ "ವೇಕ್ ಆನ್ ಲ್ಯಾನ್" ಮತ್ತು "ವೇಕ್ ಆನ್ ಯುಎಸ್‌ಬಿ" ಆಯ್ಕೆಗಳನ್ನು ನಿಲ್ಲಿಸಿ. ಡೆಸ್ಕ್‌ಟಾಪ್ ಆಫ್ ಆದ ಮೇಲೂ ಹಿಂಭಾಗದ ನೆಟ್‌ವರ್ಕ್ ಪೋರ್ಟಿನ ದೀಪ ಉರಿಯುತ್ತಿದ್ದರೆ ಗಾಬರಿ ಬೇಡ. ಗೋಡೆಯ ಸ್ವಿಚ್ ಆರಿಸುವ ತನಕ ಎಸ್‌ಎಂಪಿಎಸ್ ಮದರ್‌ಬೋರ್ಡಿಗೆ 5 ವೋಲ್ಟ್ ಕೊಡುತ್ತಲೇ ಇರುತ್ತದೆ.