ಎಷ್ಟು ಸಲ ಬಾಗಿಲು ಬಡಿಯಬಹುದು?

ಎಟಿಎಂ ಕಾರ್ಡಿನ ಪಿನ್ ನಾಲ್ಕೇ ಅಂಕಿ. 0000ದಿಂದ 9999ರವರೆಗೆ ಲೆಕ್ಕ ಹಾಕಿದರೂ ಹತ್ತು ಸಾವಿರ ಸಾಧ್ಯತೆ ಅಷ್ಟೇ. ಕಂಪ್ಯೂಟರ್ ಪಾಲಿಗೆ ಇದು ರೆಪ್ಪೆ ಮಿಟುಕಿಸುವಷ್ಟರ ಕೆಲಸ. ಹಾಗಿದ್ರೂ ಕಾರ್ಡ್ ಕಳೆದುಹೋದ ತಕ್ಷಣ ಖಾತೆ ಖಾಲಿಯಾಗಲ್ಲ, ಯಾಕೆ? ಸಾಮಾನ್ಯವಾಗಿ ಮೂರು ಸಲ ತಪ್ಪು ಒತ್ತಿದರೆ ಕಾರ್ಡ್ ಬ್ಲಾಕ್ ಆಗುತ್ತೆ. ನಿಮ್ಮ ದುಡ್ಡನ್ನು ಕಾಯುತ್ತಿರುವುದು ಆ ‘ಮೂರು ಸಲ’.

ಪಾಸ್‌ವರ್ಡ್ ಸಿಗುವ ತನಕ ಒಂದಾದ ಮೇಲೊಂದು ಊಹೆ ಮಾಡುತ್ತಾ ಹೋಗುವುದಕ್ಕೆ ಬ್ರೂಟ್ ಫೋರ್ಸ್ ದಾಳಿ ಅಂತಾರೆ. ಇದರಲ್ಲಿ ಬುದ್ಧಿವಂತಿಕೆ ಏನೂ ಇಲ್ಲ. ದಣಿಯದ ಯಂತ್ರ ಒಂದಿದ್ದರೆ ಸಾಕು. ಎಲ್ಲಾದರೂ ಖಾತೆ ಹ್ಯಾಕ್ ಆಯ್ತು ಅಂದಕೂಡಲೇ ‘ಪಾಸ್‌ವರ್ಡ್ ವೀಕ್ ಇತ್ತು’ ಅಂತ ಬಳಕೆದಾರನ ಮೇಲೆ ಗೂಬೆ ಕೂರಿಸುತ್ತೇವಲ್ಲ, ಇತಿಹಾಸ ನೋಡಿದರೆ ಆ ಮಾತು ಅರ್ಧ ಮಾತ್ರ ನಿಜ.

ಕಂಪ್ಯೂಟರ್ ಪಾಸ್‌ವರ್ಡ್ ಶುರುವಾದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿಯಲ್ಲಿ. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುವ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ಫರ್ನಾಂಡೊ ಕಾರ್ಬಟೊ ತಂಡ ಕಟ್ಟಿತು. ಒಬ್ಬರ ಕಡತಕ್ಕೆ ಇನ್ನೊಬ್ಬರು ಕೈ ಹಾಕದಿರಲಿ ಅಂತ ಪಾಸ್‌ವರ್ಡ್ ಇಟ್ಟರು. ಆದರೆ ಅವೆಲ್ಲ ಒಂದೇ ಕಡತದಲ್ಲಿ ಇದ್ದ ಹಾಗೇ ಬಿದ್ದಿದ್ದವು! 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ ತನಗೆ ಕೊಟ್ಟ ಕಂಪ್ಯೂಟರ್ ಸಮಯ ಸಾಲದು ಅಂತ ಆ ಕಡತವನ್ನೇ ಪ್ರಿಂಟ್ ಹಾಕಿಸಿಕೊಂಡ. ಊಹೆಯ ತೊಂದರೆಯನ್ನೂ ತಗೊಳ್ಳಲಿಲ್ಲ.

ಇದಕ್ಕೆ ಮದ್ದು ಅದೇ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಸಿಕ್ಕಿತು. ರೋಜರ್ ನೀಡಮ್ ಅವರ ಉಪಾಯ ಅದು. ಪಾಸ್‌ವರ್ಡನ್ನು ಇಡಲೇಬೇಡಿ, ಅದನ್ನು ರುಬ್ಬಿ ಬಂದ ಹಿಟ್ಟನ್ನು ಇಡಿ. ನೋಡಿ, ಅಕ್ಕಿ ಬೇಳೆ ಗ್ರೈಂಡರ್‌ಗೆ ಹಾಕಿದರೆ ಹಿಟ್ಟಾಗುತ್ತೆ, ಆ ಹಿಟ್ಟಿನಿಂದ ಅಕ್ಕಿ ವಾಪಸ್ ಬರುತ್ತಾ? ಬರಲ್ಲ. ನೀವು ಲಾಗಿನ್ ಆಗುವಾಗ ಟೈಪ್ ಮಾಡಿದ್ದನ್ನು ಯಂತ್ರ ಮತ್ತೆ ರುಬ್ಬಿ, ಎರಡೂ ಹಿಟ್ಟು ಒಂದೇನಾ ಅಂತ ಹೋಲಿಸುತ್ತೆ. ಅಷ್ಟೇ.

ಕಳ್ಳನಿಗೂ ಗ್ರೈಂಡರ್ ಇದೆಯಲ್ಲ! ಅವನು ಹಿಟ್ಟಿನ ಕಡತ ಕದ್ದು ಮನೆಗೆ ಒಯ್ದು, ಒಂದೊಂದೇ ಊಹೆಯನ್ನು ರುಬ್ಬಿ ನೋಡುತ್ತಾ ಕೂರಬಹುದು. ಇದನ್ನು ಲೆಕ್ಕ ಸಮೇತ ತೋರಿಸಿದವರು ಬೆಲ್ ಲ್ಯಾಬ್ಸ್‌ನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್. ಯೂನಿಕ್ಸ್‌ನಲ್ಲಿದ್ದ ಮೊದಲ ಗ್ರೈಂಡರ್ ತುಂಬಾ ವೇಗದ್ದು, ಅದೇ ಅದರ ದೋಷ. ಪಿಡಿಪಿ-11/70 ಯಂತ್ರದಲ್ಲಿ ಒಂದು ಊಹೆಗೆ 1.25 ಮಿಲಿಸೆಕೆಂಡ್. ಐದು ಸಣ್ಣಕ್ಷರಗಳ ಪಾಸ್‌ವರ್ಡ್‌ಗಳನ್ನೆಲ್ಲಾ ಸುಮಾರು ನಾಲ್ಕು ಗಂಟೆಯಲ್ಲಿ ಮುಗಿಸಬಹುದಿತ್ತು. 1979ರ ಅವರ ಪ್ರಬಂಧದಲ್ಲಿ ಇನ್ನೊಂದು ಲೆಕ್ಕವೂ ಇದೆ. ಬಳಕೆದಾರರಿಂದ ಸಂಗ್ರಹಿಸಿದ 3,289 ಪಾಸ್‌ವರ್ಡ್‌ಗಳಲ್ಲಿ 2,831, ಅಂದರೆ ಶೇ. 86ರಷ್ಟು, ಸುಲಭವಾಗಿ ಸಿಗುವಂಥವು. 15 ಮಂದಿ ಇಟ್ಟಿದ್ದು ಒಂದೇ ಒಂದು ಅಕ್ಷರ!

ಅವರು ಮಾಡಿದ ಕೆಲಸ ನನಗೆ ತುಂಬಾ ಹಿಡಿಸುತ್ತೆ. ಜನರಿಗೆ ಬೈಯುತ್ತಾ ಕೂರಲಿಲ್ಲ, ಗ್ರೈಂಡರನ್ನೇ ಬೇಕಂತಲೇ ನಿಧಾನ ಮಾಡಿದರು. ಡಿಇಎಸ್ ಗೂಢಲಿಪಿಯಲ್ಲಿ ಒಂದು ಸಲವಲ್ಲ, 25 ಸಲ ರುಬ್ಬುವ ಹಾಗೆ. ಲಾಗಿನ್ ಆಗುವವನಿಗೆ ಗೊತ್ತೂ ಆಗಲ್ಲ, ಲಕ್ಷಾಂತರ ಊಹೆ ಮಾಡುವವನಿಗೆ ಮಾತ್ರ ಸೊಂಟ ಮುರಿಯುತ್ತೆ. ಜೊತೆಗೆ ಪ್ರತಿ ಖಾತೆಗೂ ಒಂದೊಂದು ಚಿಟಿಕೆ ‘ಉಪ್ಪು’. ಹೌದು, ಇವತ್ತಿಗೂ ಅದರ ಹೆಸರು ಸಾಲ್ಟ್. ಉಪ್ಪಿನಲ್ಲಿ 4,096 ಬಗೆ ಇದ್ದದ್ದರಿಂದ ಇಬ್ಬರ ಪಾಸ್‌ವರ್ಡ್ ಒಂದೇ ಆದರೂ ಹಿಟ್ಟು ಬೇರೆ ಬೇರೆ ಬರುತ್ತಿತ್ತು. ಮೊದಲೇ ರುಬ್ಬಿಟ್ಟುಕೊಂಡು ಬಂದ ಕಳ್ಳನ ಶ್ರಮ ದಂಡ.

ಮುಂದಿನ ತಿರುವನ್ನು ಸಿನಿಮಾದಲ್ಲಿ ತೋರಿಸಿದ್ದರೆ ‘ಸುಮ್ನಿರಪ್ಪ’ ಅಂತಿದ್ವಿ. 1988ರ ನವೆಂಬರ್ 2ರಂದು ಇಂಟರ್‌ನೆಟ್‌ಗೆ ಒಂದು ವರ್ಮ್ ನುಗ್ಗಿತು. ಆಗ ಜಾಲದಲ್ಲಿದ್ದ ಸುಮಾರು 60,000 ಯಂತ್ರಗಳಲ್ಲಿ 6,000 ಬಾಧಿತವಾದವು ಅನ್ನೋದು ಅಂದಾಜು. ಅದು ಬಳಸಿದ ದಾರಿಗಳಲ್ಲಿ ಪಾಸ್‌ವರ್ಡ್ ಊಹೆಯೂ ಒಂದು. ಬಳಕೆದಾರನ ಹೆಸರು, ಅದನ್ನೇ ತಿರುಗುಮುರುಗು ಮಾಡಿದ್ದು, ಆಮೇಲೆ ತನ್ನೊಳಗೇ ಹೊತ್ತು ತಂದಿದ್ದ 432 ಪದಗಳ ಪಟ್ಟಿ. ಬರೆದವನು ರಾಬರ್ಟ್ ಟಪ್ಪನ್ ಮಾರಿಸ್. ಅದೇ ರಾಬರ್ಟ್ ಮಾರಿಸ್ ಅವರ ಮಗ! ಅಪ್ಪ ಆ ಹೊತ್ತಿಗೆ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಎನ್‌ಎಸ್‌ಎಯಲ್ಲಿ ವಿಜ್ಞಾನಿ. ಮಗನಿಗೆ ಮೂರು ವರ್ಷ ಪ್ರೊಬೇಷನ್, 400 ಗಂಟೆ ಸಮಾಜ ಸೇವೆ, 10,050 ಡಾಲರ್ ದಂಡ ಬಿತ್ತು. ಹಿಟ್ಟಿನ ಕಡತವನ್ನು ಯಾರು ಬೇಕಾದರೂ ಓದುವಂತೆ ಬಿಡಬಾರದು ಅನ್ನೋ ಬುದ್ಧಿ ಯೂನಿಕ್ಸ್ ಲೋಕಕ್ಕೆ ಗಟ್ಟಿಯಾಗಿ ಬಂದದ್ದು ಇಂಥ ಪೆಟ್ಟುಗಳಿಂದ.

ಯಂತ್ರಗಳ ವೇಗ ಏರುತ್ತಲೇ ಹೋಯಿತು. 1998ರಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್, ಎರಡೂವರೆ ಲಕ್ಷ ಡಾಲರ್‌ಗಿಂತ ಕಡಿಮೆ ಖರ್ಚಿನ ಯಂತ್ರದಿಂದ ಡಿಇಎಸ್ ಕೀಲಿಯನ್ನು 56 ಗಂಟೆಯಲ್ಲಿ ಹುಡುಕಿತು. ಮರುವರ್ಷ ನೀಲ್ಸ್ ಪ್ರೊವೊಸ್ ಮತ್ತು ಡೇವಿಡ್ ಮಜಿಯೆರೆಸ್ ಬಿಕ್ರಿಪ್ಟ್ ತಂದರು. ಕಂಪ್ಯೂಟರ್ ವೇಗ ಹೆಚ್ಚಾದಂತೆ ಗ್ರೈಂಡರನ್ನೂ ಇನ್ನಷ್ಟು ನಿಧಾನ ಮಾಡುವ ತಿರುಗಣೆ ಅದರಲ್ಲಿದೆ.

ಇದೆಲ್ಲ ಕಡತ ಕದ್ದವನ ಕಥೆ. ನೇರವಾಗಿ ಲಾಗಿನ್ ಬಾಗಿಲನ್ನೇ ಬಡಿಯುವವನನ್ನು ತಡೆಯಬೇಕಾದವರು ಯಾರು? ಬಾಗಿಲಿನ ಮಾಲೀಕರು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಆನಂದ್ ಪ್ರಕಾಶ್ ಎಂಬ ಭದ್ರತಾ ಎಂಜಿನಿಯರ್ 2016ರಲ್ಲಿ ಇದನ್ನೇ ತೋರಿಸಿಕೊಟ್ಟರು. ಫೇಸ್‌ಬುಕ್‌ನಲ್ಲಿ ಪಾಸ್‌ವರ್ಡ್ ಮರೆತರೆ ಆರು ಅಂಕಿಯ ಕೋಡ್ ಬರುತ್ತಿತ್ತು. ಮುಖ್ಯ ತಾಣದಲ್ಲಿ ಹತ್ತು ಹನ್ನೆರಡು ತಪ್ಪಿಗೆ ತಡೆ ಬೀಳುತ್ತಿತ್ತು, ಆದರೆ ಅದರ ಬೀಟಾ ತಾಣದಲ್ಲಿ ಆ ಮಿತಿಯನ್ನೇ ಹಾಕಿರಲಿಲ್ಲ! ಹತ್ತು ಲಕ್ಷ ಸಾಧ್ಯತೆಗಳನ್ನೂ ಒಂದೊಂದಾಗಿ ಪ್ರಯತ್ನಿಸಬಹುದಿತ್ತು. ಅವರು ತಮ್ಮದೇ ಖಾತೆಯಲ್ಲಿ ಪರೀಕ್ಷಿಸಿ ವರದಿ ಮಾಡಿದರು, ಫೇಸ್‌ಬುಕ್ ಕೂಡಲೇ ಸರಿಮಾಡಿ 15,000 ಡಾಲರ್ ಬಹುಮಾನ ಕೊಟ್ಟಿತು. ಯೋಚನೆ ಮಾಡಿ, ಇಲ್ಲಿ ನಿಮ್ಮ ಪಾಸ್‌ವರ್ಡ್ ಎಷ್ಟೇ ಗಟ್ಟಿ ಇದ್ದರೂ ಏನು ಪ್ರಯೋಜನ ಇತ್ತು? ಮಿತಿ ಹಾಕುವುದೂ ಸಲೀಸಲ್ಲ ಬಿಡಿ. ಐದು ತಪ್ಪಿಗೆ ಖಾತೆ ಲಾಕ್ ಅಂದರೆ, ನಿಮಗಾಗದವನು ಬೇಕಂತಲೇ ಐದು ಸಲ ತಪ್ಪು ಹೊಡೆದು ನಿಮ್ಮನ್ನೇ ಹೊರಗೆ ನಿಲ್ಲಿಸಬಹುದು. ಅದಕ್ಕೇ ಹಲವು ಕಡೆ ಪ್ರತಿ ತಪ್ಪಿಗೂ ಕಾಯುವ ಹೊತ್ತನ್ನು ಹೆಚ್ಚಿಸುತ್ತಾ ಹೋಗುತ್ತಾರೆ.

ಆ ಹಳೆಯ ಯೂನಿಕ್ಸ್ ದಿಗ್ಗಜರ ಪಾಸ್‌ವರ್ಡ್‌ಗಳ ಹಿಟ್ಟು ಹಳೇ ಬಿಎಸ್‌ಡಿ ಕಡತವೊಂದರಲ್ಲಿ ಉಳಿದಿತ್ತು. ಆಸಕ್ತರು ಅದನ್ನು ಒಡೆಯುತ್ತಾ ಬಂದರು. ಶೆಲ್ ಬರೆದ ಸ್ಟೀಫನ್ ಬೋರ್ನ್ ಇಟ್ಟಿದ್ದದ್ದು ‘ಬೋರ್ನ್’ ಅಂತಲೇ. ಕೊನೆಯವರೆಗೂ ಬಗ್ಗದೆ ಸತಾಯಿಸಿದವುಗಳಲ್ಲಿ ಒಂದು ಕೆನ್ ಥಾಂಪ್ಸನ್ ಅವರದ್ದು. 2019ರಲ್ಲಿ ಒಬ್ಬರು ಗ್ರಾಫಿಕ್ಸ್ ಕಾರ್ಡ್ ಹಚ್ಚಿ ನಾಲ್ಕು ದಿನಕ್ಕೂ ಹೆಚ್ಚು ಹೊತ್ತು ಓಡಿಸಿದ ಮೇಲೆ ಅದೂ ಸಿಕ್ಕಿತು. ನೋಡಿದರೆ ಚೆಸ್ ಆಟದ ಒಂದು ನಡೆ, ಹಳೇ ಕಾಲದ ಸಂಕೇತದಲ್ಲಿ ಬರೆದದ್ದು. ವಿಷಯ ತಿಳಿದ ಥಾಂಪ್ಸನ್ ಒಂದೇ ಪದದಲ್ಲಿ ಅಭಿನಂದನೆ ಬರೆದು ಕಳಿಸಿದರು.